ಎಡಬಲ ಅವಳ ಕೈಯಲ್ಲಿ, ಮೇಲೆಕೆಳಗೆ ಇನ್ನೊಬ್ಬರ ಕೈಯಲ್ಲಿ: ಒಂದೇ ನೌಕೆಯನ್ನು ಹಂಚಿಕೊಂಡು ನಡೆಸಿದ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿರುವ ಡಿಸ್ನಿಲ್ಯಾಂಡ್‌ನ ಸ್ಟಾರ್ ವಾರ್ಸ್ ವಿಭಾಗದಲ್ಲಿ ‘ಮಿಲೇನಿಯಂ ಫಾಲ್ಕನ್: ಸ್ಮಗ್ಲರ್ಸ್ ರನ್’ ಎಂಬ ರೈಡ್ ಇದೆ. 2019ರ ಮೇ 31ರಂದು ಆ ವಿಭಾಗದ ಜೊತೆಗೇ ಇದು ಆರಂಭವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಫ್ಲೋರಿಡಾದ ಡಿಸ್ನಿ ಪಾರ್ಕಿನಲ್ಲೂ ಇಂಥದ್ದೇ ಒಂದು ತೆರೆಯಿತು. ನಮ್ಮ ಮನೆ ಅನಹೈಮ್‌ಗೆ ಹೆಚ್ಚು ದೂರವಿಲ್ಲದ ಕಾರಣ, ಮಕ್ಕಳೊಂದಿಗೆ, ಊರಿನಿಂದ ಬಂದ ನೆಂಟರೊಂದಿಗೆ, ಕೆಲವೊಮ್ಮೆ ಒಬ್ಬಳೇ ಕೂಡ ಇದರಲ್ಲಿ ಕುಳಿತಿದ್ದೇನೆ. ಈ ರೈಡಿನಲ್ಲಿ ಆರು ಜನ ಸೇರಿ ಸ್ಟಾರ್ ವಾರ್ಸ್ ಚಿತ್ರಗಳ ಫಾಲ್ಕನ್ ಎಂಬ ಬಾಹ್ಯಾಕಾಶ ನೌಕೆಯನ್ನು ನಡೆಸಬೇಕು. ಆ ಆರು ಜನ ಯಾರಾಗಿರುತ್ತಾರೆ ಎಂಬುದು ಬಹುಪಾಲು ಆ ಹೊತ್ತಿನ ಸಾಲಿನಲ್ಲಿ ಹಿಂದೆ ಮುಂದೆ ಯಾರು ನಿಂತಿದ್ದರು ಎಂಬುದನ್ನೇ ಅವಲಂಬಿಸಿರುತ್ತದೆ. ಹೀಗಾಗಿ ಅಪರಿಚಿತರ ಜೊತೆ, ಅದರಲ್ಲೂ ಅಪರಿಚಿತರ ಮಕ್ಕಳ ಜೊತೆ ನೌಕೆಯ ಹಿಡಿತವನ್ನು ಹಂಚಿಕೊಳ್ಳುವುದನ್ನು ನಾನು ಹೇಗೆ ರೂಢಿಸಿಕೊಂಡೆ ಎಂಬುದನ್ನು ಬರೆಯುತ್ತಿದ್ದೇನೆ.

ಇದೇ ಪಾರ್ಕಿನಲ್ಲಿ 1987ರಿಂದಲೂ ಇರುವ ‘ಸ್ಟಾರ್ ಟೂರ್ಸ್’ನಲ್ಲಿ ಒಂದು ಕೋಣೆಗೆ 40 ಜನ ಕುಳಿತು, ಪರದೆ ತೋರಿಸಿದ್ದನ್ನು ನೋಡುತ್ತಾ ಕುರ್ಚಿ ಅಲುಗಿಸಿದ ಕಡೆ ಅಲುಗುತ್ತೇವೆ, ಅಲ್ಲಿ ಪ್ರಯಾಣಿಕರಿಗೆ ಮಾಡಲು ಯಾವ ಕೆಲಸವೂ ಇಲ್ಲ. ಫ್ಲೋರಿಡಾದ ಎಪ್‌ಕಾಟ್ ಎಂಬ ಡಿಸ್ನಿ ಪಾರ್ಕಿನಲ್ಲಿ 2003ರಲ್ಲಿ ಆರಂಭವಾದ ‘ಮಿಷನ್: ಸ್ಪೇಸ್’ನಲ್ಲಿ ನಾಲ್ಕು ಜನರಿಗೆ ನಾಲ್ಕು ಹುದ್ದೆಗಳನ್ನು ಕೊಟ್ಟು, ಹೇಳಿದಾಗ ಬಟನ್ ಒತ್ತಬೇಕೆಂದು ಸೂಚಿಸುತ್ತಾರಾದರೂ, ಯಾರಾದರೂ ಒತ್ತದೆ ಕುಳಿತರೆ ಯಂತ್ರವೇ ಆ ಕೆಲಸವನ್ನು ಮುಗಿಸಿಕೊಳ್ಳುತ್ತದೆ. ಸ್ಮಗ್ಲರ್ಸ್ ರನ್‌ನಲ್ಲಿ ಹಾಗಿಲ್ಲ. ಎದುರಿನ ದೃಶ್ಯವನ್ನು ಅನ್‌ರಿಯಲ್ ಎಂಜಿನ್ ಎಂಬ ವಿಡಿಯೊ ಗೇಮ್ ತಂತ್ರಾಂಶವು ಆಯಾ ಕ್ಷಣದಲ್ಲೇ ಚಿತ್ರಿಸುತ್ತದೆ. ಪೈಲಟ್ ಎಡಕ್ಕೆ ತಿರುಗಿಸಿದರೆ ನೌಕೆ ನಿಜಕ್ಕೂ ಎಡಕ್ಕೆ ಹೋಗುತ್ತದೆ, ಅಲ್ಲಿ ಬಂಡೆಯಿದ್ದರೆ ನಿಜಕ್ಕೂ ಬಡಿಯುತ್ತದೆ. ಕಥೆ ಕೊನೆಯವರೆಗೆ ಸಾಗಿಯೇ ಸಾಗುತ್ತದೆ, ಯಾರನ್ನೂ ಅರ್ಧಕ್ಕೆ ಇಳಿಸುವುದಿಲ್ಲ. ಆದರೆ ಎಷ್ಟು ಪೆಟ್ಟು ತಿಂದು, ಎಷ್ಟು ಸರಕನ್ನು ಹೊತ್ತುಕೊಂಡು ಕೊನೆ ಮುಟ್ಟುತ್ತೇವೆ ಎಂಬುದು ಒಳಗಿದ್ದ ಆರು ಜನರಿಗೇ ಬಿಟ್ಟದ್ದು. ನಾನು ಬರೆಯುತ್ತಿರುವುದು ಆರಂಭದಿಂದ ಇದ್ದ ಕಥೆಯ ಬಗ್ಗೆ: ಹೊಂಡೊ ಒನಾಕಾ ಎಂಬ ಮಾತುಗಾರ ಕಳ್ಳವ್ಯಾಪಾರಿಯೊಬ್ಬನಿಗಾಗಿ ಕೊರೆಲಿಯಾ ಗ್ರಹದಲ್ಲಿ ಓಡುವ ರೈಲಿನಿಂದ ಕೊಆಕ್ಸಿಯಂ ಎಂಬ ಬೆಲೆಬಾಳುವ ಇಂಧನವನ್ನು ಕದ್ದು ತರುವ ಕಥೆ.

ಕಾಕ್‌ಪಿಟ್‌ನ ಮುಂದಿನ ಸಾಲಿನಲ್ಲಿ ಇಬ್ಬರು ಪೈಲಟ್‌ಗಳು, ನಡುವೆ ಗುಂಡು ಹಾರಿಸುವ ಇಬ್ಬರು ಗನ್ನರ್‌ಗಳು, ಹಿಂದೆ ರಿಪೇರಿ ನೋಡಿಕೊಳ್ಳುವ ಇಬ್ಬರು ಎಂಜಿನಿಯರ್‌ಗಳು. ಎಡಗಡೆಯ ಪೈಲಟ್ ನೌಕೆಯನ್ನು ಎಡಕ್ಕೆ ಬಲಕ್ಕೆ ಮಾತ್ರ ತಿರುಗಿಸಬಲ್ಲರು. ಬಲಗಡೆಯವರು ಮೇಲಕ್ಕೆ ಕೆಳಕ್ಕೆ ಮಾತ್ರ. ಬೆಳಕಿನ ವೇಗಕ್ಕೆ ಹಾರಿಸುವ ಲಿವರ್ ಎಳೆಯುವ ಭಾಗ್ಯವೂ ಬಲಗಡೆಯವರದ್ದೇ. ಒಬ್ಬರು ಸೈಕಲ್ಲಿನ ಹ್ಯಾಂಡಲ್ ಹಿಡಿದು, ಇನ್ನೊಬ್ಬರು ಬ್ರೇಕ್ ಹಿಡಿದು ಇಳಿಜಾರಿನಲ್ಲಿ ಹೊರಟರೆ ಹೇಗಿರುತ್ತದೆಯೋ ಹಾಗೆ ಇದು. ಸಾಲದ್ದಕ್ಕೆ ಹಿಡಿಕೆ ತಿರುಗಿಸಿದ ಮೇಲೆ ನೌಕೆ ತುಸು ತಡವಾಗಿ ಹೊರಳುತ್ತದೆ. ಆ ತಡವನ್ನು ಅರಿಯದವರು ‘ಇದು ಕೇಳುತ್ತಲೇ ಇಲ್ಲ’ ಎಂದುಕೊಂಡು ಇನ್ನಷ್ಟು ತಿರುಗಿಸುತ್ತಾರೆ, ಆಮೇಲೆ ಗಾಬರಿಯಿಂದ ವಿರುದ್ಧ ದಿಕ್ಕಿಗೆ ತಿರುಗಿಸುತ್ತಾರೆ, ಹೀಗೆ ನೌಕೆ ಎರಡೂ ಕಡೆಯ ಗೋಡೆಗಳನ್ನು ಸವರುತ್ತಾ ಸಾಗುತ್ತದೆ.

ಗನ್ನರ್‌ಗಳದ್ದೂ ಎಂಜಿನಿಯರ್‌ಗಳದ್ದೂ ಬಟನ್‌ಗಳ ಕೆಲಸ. ಆ ಬಟನ್‌ಗಳಿರುವುದು ಎದುರಿನಲ್ಲಲ್ಲ, ಪಕ್ಕದ ಗೋಡೆಯಲ್ಲಿ. ಇದು ವಿನ್ಯಾಸದ ದೊಡ್ಡ ಕೊರತೆ ಎಂಬುದು ನನ್ನ ಅಭಿಪ್ರಾಯ. ಬಟನ್ ಹೊತ್ತಿಕೊಂಡಾಗ ಒತ್ತಬೇಕೆಂದರೆ ಗೋಡೆ ನೋಡಬೇಕು, ಗೋಡೆ ನೋಡಿದರೆ ಪರದೆ ತಪ್ಪುತ್ತದೆ. ಮೈಸೂರಿನಿಂದ ಬಂದಿದ್ದ ನನ್ನ ತಂದೆಯವರು ಗನ್ನರ್ ಆಗಿ ಕುಳಿತು, ಕೊಟ್ಟ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಬೇಕೆಂಬ ಅವರ ಎಂದಿನ ನಿಷ್ಠೆಯಿಂದ ಗೋಡೆಯನ್ನೇ ದಿಟ್ಟಿಸಿ ಬಟನ್ ಒತ್ತಿದರು, ಹೊರಗೆ ಬಂದು, “ಅಲ್ಲಮ್ಮಾ, ರೈಲು ಅಂತ ಹೇಳಿದ್ದರಲ್ಲ, ಅದು ಯಾವಾಗ ಬಂತು?” ಎಂದು ಕೇಳಿದರು. ಅಂದಿನಿಂದ ಹಿರಿಯರಿಗೆ ನಾನು ಹೇಳುವುದಿಷ್ಟೇ: ಗುಂಡು ಹಾರಿಸುವುದಕ್ಕೆ ಆರಂಭದಲ್ಲೇ ಸ್ವಯಂಚಾಲಿತ ವಿಧಾನವನ್ನು ಆರಿಸಿಕೊಳ್ಳಿ, ಆಗ ಒಂದೇ ಬಟನ್ನಿನ ಮೇಲೆ ಕೈಯಿಟ್ಟು ಒತ್ತುತ್ತಾ ಕಣ್ಣನ್ನು ಪರದೆಯ ಮೇಲೆ ಇಡಬಹುದು. ಗುರಿಯ ಎತ್ತರವನ್ನೂ ತಾವೇ ಆರಿಸಬೇಕಾದ ಇನ್ನೊಂದು ವಿಧಾನವು ರೈಡನ್ನು ಚೆನ್ನಾಗಿ ಬಲ್ಲವರಿಗೆ ಸರಿ.

ಪಾತ್ರಗಳನ್ನು ಹಂಚುವವರು ಅಲ್ಲಿನ ಸಿಬ್ಬಂದಿ. ಪಾತ್ರದ ಹೆಸರಿರುವ ಒಂದೊಂದು ಚೀಟಿಯನ್ನು ಕೈಗೆ ಕೊಡುತ್ತಾರೆ. ಒಂದು ನೌಕೆಗೆ ಹೋಗುವ ಆರು ಜನರ ಚೀಟಿಗಳ ಬಣ್ಣ ಒಂದೇ ಇರುತ್ತದೆ. ಆಮೇಲೆ ಫಾಲ್ಕನ್ನಿನ ಒಳಾಂಗಣದಂತೆಯೇ ಕಟ್ಟಿರುವ, ದುಂಡನೆಯ ಚದುರಂಗದ ಮೇಜಿರುವ ಕೋಣೆಯಲ್ಲಿ, ನಮ್ಮ ಬಣ್ಣವನ್ನು ಕರೆಯುವವರೆಗೆ ಕಾಯಬೇಕು. ಬಹುತೇಕ ಜನ ಈ ಹೊತ್ತನ್ನು ಆ ಮೇಜಿನ ಬಳಿ ಫೋಟೊ ತೆಗೆಯುವುದರಲ್ಲಿ ಕಳೆಯುತ್ತಾರೆ. ನಾನು ನಮ್ಮದೇ ಬಣ್ಣದ ಚೀಟಿ ಹಿಡಿದವರನ್ನು ಹುಡುಕುತ್ತೇನೆ. ಮೊದಮೊದಲು ಸಂಕೋಚವಾಗುತ್ತಿತ್ತು, ನಿಜ. ಆದರೆ ಐದು ನಿಮಿಷವೂ ತುಂಬದ ಈ ಆಟದಲ್ಲಿ, ಒಳಗೆ ಕುಳಿತ ಮೇಲೆ ಪರಿಚಯ ಮಾಡಿಕೊಳ್ಳಲು ಸಮಯವಾಗಲೀ, ಕಿವಿಗೆ ಬೀಳುವಷ್ಟು ನಿಶ್ಶಬ್ದವಾಗಲೀ ಇರುವುದಿಲ್ಲ. ಮಾತಾಗಬೇಕಾದದ್ದು ಇಲ್ಲಿಯೇ.

ಆಡುವ ಮಾತು ಹೆಚ್ಚಿರಬಾರದು. ‘ನಮಸ್ಕಾರ, ನಾವು ನಿಮ್ಮ ತಂಡದವರು, ಪೈಲಟ್ ಯಾರು?’ ಎಂಬಷ್ಟು ಕೇಳಿ, ಆ ಇಬ್ಬರೂ ಪರಸ್ಪರ ಮಾತಾಡುವಂತೆ ಮಾಡಿದರೆ ಮುಕ್ಕಾಲು ಕೆಲಸ ಆದಂತೆ. ಏಕೆಂದರೆ ಈ ಆರು ಪಾತ್ರಗಳು ಸಮನಾದವಲ್ಲ. ಪೈಲಟ್‌ಗಳಿಬ್ಬರು ಮಾಡಿದ್ದನ್ನು ಉಳಿದ ನಾಲ್ವರು ಉಣ್ಣುತ್ತಾರೆ. ಗನ್ನರ್‌ಗಳಿಬ್ಬರ ನಡುವೆ ಒಪ್ಪಂದವಿಲ್ಲದಿದ್ದರೂ ನಡೆಯುತ್ತದೆ, ಎಂಜಿನಿಯರ್‌ಗಳಿಬ್ಬರು ಮುಖ ನೋಡದಿದ್ದರೂ ನಡೆಯುತ್ತದೆ. ಆದರೆ ಪೈಲಟ್‌ಗಳಿಬ್ಬರಲ್ಲಿ ಒಬ್ಬರು ಬಂಡೆಯ ಮೇಲಿಂದ ಹಾರಿಸಲು ನೋಡುವಾಗ ಇನ್ನೊಬ್ಬರು ಅದರ ಪಕ್ಕದಿಂದ ನುಸುಳಲು ನೋಡಿದರೆ, ಇಬ್ಬರೂ ಅರ್ಧರ್ಧ ಮಾಡಿದ ಕೆಲಸ ಸೇರಿ ನೌಕೆ ನೇರವಾಗಿ ಬಂಡೆಗೇ ಬಡಿಯುತ್ತದೆ. ಆದ್ದರಿಂದ ಇಬ್ಬರಲ್ಲಿ ಯಾರು ಕೂಗಿ ಹೇಳುತ್ತಾರೆ, ಯಾರು ಕೇಳುತ್ತಾರೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಎಡಬಲದ ಪೈಲಟ್ ಹೇಳುವುದು, ಮೇಲೆಕೆಳಗಿನವರು ಕೇಳುವುದು ಎಂಬುದು ನಾನು ಕಂಡುಕೊಂಡ ಕ್ರಮ. ದಾರಿಯ ತಿರುವುಗಳು ಮೊದಲು ಕಣ್ಣಿಗೆ ಬೀಳುವುದು ಎಡಬಲಕ್ಕೆ, ಎತ್ತರವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಸುಲಭ. ಉಳಿದ ನಾಲ್ವರು, ಅದರಲ್ಲೂ ಅಪ್ಪ ಅಮ್ಮಂದಿರು, ಹಿಂದಿನಿಂದ ಸಲಹೆ ಕೊಡದೆ ತಮ್ಮ ಬಟನ್‌ಗಳನ್ನು ನೋಡಿಕೊಳ್ಳುವುದು ಒಳ್ಳೆಯದು. ಇದನ್ನು ನಯವಾಗಿ ಹೇಳುವ ಬಗೆಯನ್ನು ನಾನು ಇನ್ನೂ ಕಲಿಯುತ್ತಿದ್ದೇನೆ.

ಮಕ್ಕಳ ವಿಚಾರಕ್ಕೆ ಬಂದರೆ, 38 ಇಂಚು, ಅಂದರೆ 97 ಸೆಂಟಿಮೀಟರ್ ಎತ್ತರವಿದ್ದರೆ ಒಳಗೆ ಬಿಡುತ್ತಾರೆ. ಏಳು ವರ್ಷದೊಳಗಿನ ಮಕ್ಕಳ ಜೊತೆ 14 ವರ್ಷ ತುಂಬಿದವರೊಬ್ಬರು ಇರಬೇಕು. ಎತ್ತರ ಸಾಕಾಯಿತೆಂದ ಮಾತ್ರಕ್ಕೆ ಮಗು ಪೈಲಟ್ ಆಗಲು ತಯಾರಾಗಿದೆ ಎಂದಲ್ಲ. ನಮ್ಮ ಮಕ್ಕಳಿಗೆ ನಾನು ಮೊದಲ ಪಾಠ ಮಾಡಿಸಿದ್ದು ಅದೇ ಪಾರ್ಕಿನ ‘ಬಜ್ ಲೈಟ್‌ಇಯರ್ ಆಸ್ಟ್ರೊ ಬ್ಲಾಸ್ಟರ್ಸ್’ನಲ್ಲಿ. ಅಲ್ಲಿ ಗುರಿಗಳತ್ತ ಬೆಳಕು ಹಾರಿಸುವ ಬಂದೂಕು ಇಬ್ಬರಿಗೂ ಒಂದೊಂದು, ಆದರೆ ಗಾಡಿಯನ್ನು ತಿರುಗಿಸುವ ಹಿಡಿಕೆ ನಡುವೆ ಒಂದೇ ಒಂದು. ಮಗಳು ತನ್ನ ಗುರಿಯ ಕಡೆಗೆ ತಿರುಗಿಸಿದರೆ ತಮ್ಮನ ಗುರಿ ಬೆನ್ನ ಹಿಂದೆ ಹೋಗುತ್ತದೆ. ಜಗಳವಾದರೂ ಅಲ್ಲಿ ಬೇರೆಯವರ ಆಟ ಕೆಡುವುದಿಲ್ಲ. ಕೊನೆಗೆ ‘ಅಕ್ಕ, ಈಗ ನನ್ನ ಸರದಿ’ ಎಂದು ಕೇಳಿ ತಿರುಗಿಸುವ ಅಭ್ಯಾಸ ಬಂತು. ಆ ಮೇಲೆಯೇ ಅವರಿಬ್ಬರನ್ನು ಫಾಲ್ಕನ್ನಿನ ಮುಂದಿನ ಸಾಲಿನಲ್ಲಿ ಕೂರಿಸಿದ್ದು. ಚಿಕ್ಕವನನ್ನು ಬಲಕ್ಕೆ ಕೂರಿಸಿದೆ, ಏಕೆಂದರೆ ಅವನಿಗೆ ಬೇಕಾಗಿದ್ದದ್ದು ಲಿವರ್ ಒಂದೇ.

ಬೇರೆಯವರ ಮಕ್ಕಳಿಗೂ ಅಷ್ಟೇ. ಒಮ್ಮೆ ಮಗಳೂ ನಾನೂ ಇಬ್ಬರೇ ಹೋಗಿದ್ದಾಗ ನಾಲ್ವರ ಒಂದು ಕುಟುಂಬವನ್ನು ನಮ್ಮೊಂದಿಗೆ ಸೇರಿಸಿದರು. ಒಂದು ಪೈಲಟ್ ಚೀಟಿ ಮಗಳಿಗೆ, ಇನ್ನೊಂದು ಆ ಮನೆಯ ಹುಡುಗನಿಗೆ. ಆರೇಳು ವರ್ಷದವನಿರಬೇಕು. ಚೀಟಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು, ನನ್ನ ಮಗಳು ಅದನ್ನು ಕಿತ್ತುಕೊಂಡಾಳೇನೋ ಎಂಬಂತೆ ನೋಡುತ್ತಿದ್ದ. ಅವನ ತಾಯಿಯ ಒಪ್ಪಿಗೆ ಕೇಳಿಕೊಂಡು, “ಲಿವರ್ ಎಳೆಯುವುದು ನೀನೇ, ಇವಳಲ್ಲ. ಯಾವಾಗ ಎಂದು ಇವಳು ಹೇಳುತ್ತಾಳೆ” ಎಂದು ಇಂಗ್ಲಿಷಿನಲ್ಲಿ ತಿಳಿಸಿದೆ. ಅವನ ಮುಖ ಸಡಿಲವಾಯಿತು. ಒಳಗೆ ಕುಳಿತಾಗ ಅವನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಕಣ್ಣು ಪರದೆಯ ಮೇಲಿರಲಿಲ್ಲ. ಕೈ ಹಿಡಿಕೆಯ ಮೇಲಿದ್ದರೂ ಇಡೀ ಗಮನ ಲಿವರಿನ ಮೇಲೆ. ನೌಕೆ ಹೊರಟ ಕೂಡಲೇ ಹಿಡಿಕೆಯನ್ನು ಒಂದೇ ಕಡೆಗೆ ಗಟ್ಟಿಯಾಗಿ ಒತ್ತಿ ಹಿಡಿದ. ಮಗಳು “ಮೆಲ್ಲಗೆ, ಸ್ವಲ್ಪವೇ, ಸ್ವಲ್ಪವೇ” ಎಂದು ಹೇಳುತ್ತಲೇ ಇದ್ದಳು. ಬೆಳಕಿನ ವೇಗಕ್ಕೆ ಹಾರುವ ಹೊತ್ತು ಬಂದು ಅವಳು “ಈಗ!” ಎಂದಾಗ, ಸೀಟಿನ ಪಟ್ಟಿ ಬಿಟ್ಟಷ್ಟು ಮುಂದಕ್ಕೆ ಬಾಗಿ ಲಿವರನ್ನು ಎಳೆದ, ನಕ್ಷತ್ರಗಳು ಗೆರೆಗಳಾಗಿ ಚಾಚಿಕೊಂಡವು, ಹಿಂದೆ ಕುಳಿತಿದ್ದ ಅವನ ತಾಯಿ ಕೂಗಿಕೊಂಡರು. ಅಲ್ಲಿಂದಾಚೆಗೆ ಅವನು ಮಗಳ ಮಾತನ್ನು ಕೇಳತೊಡಗಿದ. ತನಗೆ ಬೇಕಾದದ್ದು ಸಿಕ್ಕ ಮೇಲೆ ಕೇಳುವುದು ಮಕ್ಕಳಿಗೆ ಕಷ್ಟವಾಗುವುದಿಲ್ಲ. ರೈಲಿನ ಬಳಿ ನಾವು ಆಗಲೂ ಹಲವು ಸಲ ಬಡಿದುಕೊಂಡೆವು, ಅದು ಬೇರೆ ಮಾತು.

ಅಂದು ನಾನು ಎಂಜಿನಿಯರ್. ಹಿಂದಿನ ಸಾಲಿನ ಈ ಕುರ್ಚಿಯನ್ನು ಬಹಳ ಜನ ಶಿಕ್ಷೆಯೆಂದು ಬಗೆಯುತ್ತಾರೆ; ಒಂಟಿಯಾಗಿ ಬರುವವರಿಗಿರುವ ಸಿಂಗಲ್ ರೈಡರ್ ಸಾಲಿನಲ್ಲಿ ಹೋದರೆ ಬಹುತೇಕ ಇದೇ ಸಿಗುತ್ತದೆ. ಆ ಸಾಲಿನವರಿಗೆ ಚದುರಂಗದ ಕೋಣೆಯೂ ತಪ್ಪುತ್ತದೆ, ಹಾಗಾಗಿ ತಂಡದವರ ಮುಖ ಕಾಣುವುದು ಬಾಗಿಲ ಬಳಿಯೇ. ಆದರೂ ಒಬ್ಬಳೇ ಹೋದಾಗ ನಾನು ಖುಷಿಯಿಂದ ಎಂಜಿನಿಯರ್ ಆಗುತ್ತೇನೆ. ಪೈಲಟ್‌ಗಳು ನೌಕೆಯನ್ನು ಎಷ್ಟು ಬಡಿಸುತ್ತಾರೋ ಅಷ್ಟು ಬಟನ್‌ಗಳು ಎಂಜಿನಿಯರ್ ಪಕ್ಕದ ಗೋಡೆಯಲ್ಲಿ ಹೊತ್ತಿಕೊಳ್ಳುತ್ತವೆ. ಅವನ್ನು ಒತ್ತಿ ರಿಪೇರಿ ಮಾಡಬೇಕು. ಮುಂದೆ ನುರಿತ ಪೈಲಟ್‌ಗಳಿದ್ದರೆ ಎಂಜಿನಿಯರ್‌ಗೆ ಕೆಲಸ ಕಡಿಮೆ. ಮುಂದೆ ಇಬ್ಬರು ಪುಟ್ಟ ಮಕ್ಕಳಿದ್ದರೆ ಕೈಗೆ ಬಿಡುವಿಲ್ಲ. ರೈಲಿನ ಸರಕಿಗೆ ಕೊಕ್ಕೆ ಹಾರಿಸುವುದೂ ಎಂಜಿನಿಯರ್‌ಗಳೇ. ಅಂದರೆ ಮಕ್ಕಳ ಕೈಗೆ ನೌಕೆ ಕೊಟ್ಟು ಹಿಂದೆ ಕುಳಿತ ದೊಡ್ಡವರಿಗೆ ಈ ರೈಡಿನಲ್ಲಿ ನಿಜವಾದ ಕೆಲಸವಿದೆ; ಇದನ್ನು ಅರಿತವರು ಪೈಲಟ್ ಚೀಟಿಗಾಗಿ ಮಕ್ಕಳೊಡನೆ ಸ್ಪರ್ಧಿಸುವುದಿಲ್ಲ. ಅಂಥ ಸ್ಪರ್ಧೆಯನ್ನೂ ಕಂಡಿದ್ದೇನೆ. ಒಬ್ಬ ದೊಡ್ಡ ಮನುಷ್ಯ, ಪಕ್ಕದಲ್ಲಿದ್ದ ಅಪರಿಚಿತ ಬಾಲಕಿ ಎರಡನೆಯ ಸಲ ಬಡಿಸಿದಾಗ ‘ಚ್ಚ್’ ಎಂದ. ಅವಳು ಹಿಡಿಕೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ನೌಕೆ ಎಡಬಲಕ್ಕೆ ತಿರುಗುವುದನ್ನೇ ನಿಲ್ಲಿಸಿತು, ಆತನ ಸ್ಕೋರೂ ಅದರ ಜೊತೆಗೇ ಹೋಯಿತು.

ಸ್ಕೋರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೊಂಡೊ, ನಾವು ತಂದ ಸರಕಿನ ಬೆಲೆ ಲೆಕ್ಕ ಹಾಕಿ, ನೌಕೆಗೆ ಆದ ಹಾನಿಯ ಖರ್ಚನ್ನು ಮುರಿದುಕೊಳ್ಳುತ್ತಾನೆ. ಮಕ್ಕಳು ಇದನ್ನು ಪರೀಕ್ಷೆಯ ಅಂಕವೆಂದೇ ತೆಗೆದುಕೊಳ್ಳುತ್ತಾರೆ. ಹೊರಗೆ ಹೋಗುವ ಓಣಿಯೂ ನಮ್ಮ ಸಾಧನೆಗೆ ತಕ್ಕಂತೆ ಬದಲಾಗುತ್ತದೆ: ನೌಕೆ ಹೆಚ್ಚು ಪೆಟ್ಟು ತಿಂದಿದ್ದರೆ ದೀಪಗಳು ಮಿಣುಕುತ್ತವೆ, ಏನೋ ಕೆಟ್ಟು ಸಿಡಿಯುವ ಸದ್ದು ಕೇಳುತ್ತದೆ. ನನ್ನ ಮಗನಿಗಂತೂ ಈ ಕೆಟ್ಟ ಓಣಿಯೇ ಇಷ್ಟ. ಸರಿಯಾಗಿ ನಡೆಸಿದ ದಿನ ದೀಪಗಳೆಲ್ಲ ನೆಟ್ಟಗೆ ಉರಿಯುತ್ತಿದ್ದರೆ “ಇವತ್ತು ಏನೂ ಆಗಲೇ ಇಲ್ಲ” ಎಂದು ಬೇಸರಪಟ್ಟುಕೊಳ್ಳುತ್ತಾನೆ. ಜೊತೆಗಿದ್ದ ಅಪರಿಚಿತರ ಮಗು ಸಪ್ಪಗಾಗಿದ್ದರೆ ಆ ಓಣಿಯಲ್ಲಿ ನನ್ನ ಮಗನನ್ನೇ ಮುಂದೆ ಬಿಡುತ್ತೇನೆ. ಮಿಣುಕುವ ದೀಪಗಳನ್ನು ತೋರಿಸಿ, ಇದೆಲ್ಲ ನಾವೇ ಮಾಡಿದ್ದು ಎಂದು ಅವನು ವಿವರಿಸತೊಡಗುತ್ತಾನೆ. ಬಾಗಿಲು ತಲುಪುವಷ್ಟರಲ್ಲಿ ಇಬ್ಬರೂ ಯಾರು ಎಷ್ಟು ಬಡಿಸಿದರೆಂದು ಜೋರಾಗಿ ಎಣಿಸುತ್ತಿರುತ್ತಾರೆ.