ಮಾರ್ಕೆಟ್ ಹೊತ್ತಿಗೆ ಸೈಕಲ್: ಹ್ವೇಯಿಂದ ಹೊಯ್ ಆನ್‌ಗೆ

ಫೆಬ್ರವರಿ ಕೊನೆಯಲ್ಲಿ ನಾನೂ ತಂಗಿಯೂ ವಿಯೆಟ್ನಾಂ ಕರಾವಳಿಯಲ್ಲಿ ಐದು ದಿನ ಸೈಕಲ್ ತುಳಿದೆವು. ಹ್ವೇ ಊರಿನಿಂದ ಹೊಯ್ ಆನ್‌ವರೆಗೆ. ಬಸ್ಸಿನಲ್ಲಿ ಹೋದರೆ ಒಂದೇ ಬೆಳಗ್ಗೆಯಲ್ಲಿ ಮುಗಿಯುವ ದಾರಿ. ಮತ್ತೆ ಐದು ದಿನ ಯಾಕೆ ಅಂದರೆ, ನಮಗೆ ಬೇಕಿದ್ದದ್ದು ದಾರಿಯ ಮಾರ್ಕೆಟ್‌ಗಳು.

ಉತ್ತರದಿಂದ ದಕ್ಷಿಣಕ್ಕೆ ಹೊರಟಿದ್ದು ಬೇಕೆಂದೇ. ಚಳಿಗಾಲದಲ್ಲಿ ಅಲ್ಲಿ ಈಶಾನ್ಯದ ಗಾಳಿ, ಅದು ಬೆನ್ನಿಗೆ ಬೀಸಲಿ ಅಂತ. ಅಕ್ಟೋಬರ್, ನವೆಂಬರ್‌ನಲ್ಲಿ ಮಾತ್ರ ಹೋಗಬೇಡಿ. ಆಗ ಆ ಕಡೆ ಮಳೆ, ಪ್ರವಾಹ ಜಾಸ್ತಿ.

ಮೊದಲ ದಿನ ಎಂಟು ಗಂಟೆಗೆ ಹೊರಟೆವು. ತಾಮ್ ಜಾಂಗ್ ಹಿನ್ನೀರಿನ ಪಕ್ಕದ ಹಳ್ಳಿ ಮಾರ್ಕೆಟ್ ಮುಟ್ಟಿದಾಗ ಹತ್ತೂವರೆ. ಮೀನೆಲ್ಲ ಮುಗಿದಿತ್ತು, ಹೆಂಗಸರು ನೀರು ಸುರಿದು ನೆಲ ತೊಳೆಯುತ್ತಿದ್ದರು. ನನಗೆ ತುಂಬಾ ಬೇಜಾರಾಯಿತು. ಮರುದಿನದಿಂದ ನಾಲ್ಕೂವರೆಗೇ ಎದ್ದೆವು. ಕತ್ತಲಲ್ಲೇ ಹತ್ತಿಪ್ಪತ್ತು ಕಿಲೋಮೀಟರ್ ತುಳಿದು, ಆರು ಗಂಟೆಗೆ ಮಾರ್ಕೆಟ್, ಅಲ್ಲೇ ತಿಂಡಿ, ಬಿಸಿಲೇರುವ ಮೊದಲು ಉಳಿದ ದಾರಿ. ಮುಂದೆ ಮತ್ತು ಹಿಂದೆ ಒಳ್ಳೆ ಲೈಟ್ ಇಲ್ಲದೆ ಇದನ್ನು ಮಾಡಬೇಡಿ.

ಬೆಳಗಿನ ಮಾರ್ಕೆಟ್ ನಿಜಕ್ಕೂ ಬೇರೆ ಲೋಕ. ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತ ಅಜ್ಜಿ ಬಾಳೆ ಹೂವನ್ನು ನೂಲಿನ ಹಾಗೆ ಸಣ್ಣಗೆ ಹೆಚ್ಚಿ ನೀರಿಗೆ ಹಾಕುತ್ತಿದ್ದರು. ಪಕ್ಕದಲ್ಲಿ ಎಳೆ ಹಲಸು, ಹಾಗಲಕಾಯಿ, ಹಸಿ ಅರಿಶಿನ. ಮತ್ತೆ ಒಂದು ಬುಟ್ಟಿ ತುಂಬಾ ಒಂದೆಲಗ! ಅಲ್ಲಿ ಅದಕ್ಕೆ ರಾವ್ ಮಾ ಅನ್ನುತ್ತಾರೆ. ನಾವು ತಂಬುಳಿ ಮಾಡುವ ಅದೇ ಎಲೆಯನ್ನು ಅರೆದು, ಸೋಸಿ, ಸಕ್ಕರೆ ಮತ್ತು ಐಸ್ ಹಾಕಿ ಕೊಡುತ್ತಾರೆ. ಬಿಸಿಲಲ್ಲಿ ತುಳಿದು ಬಂದವರಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ನಾನು ಸಸ್ಯಾಹಾರಿ, ತಂಗಿ ಮೀನು ತಿನ್ನುತ್ತಾಳೆ. ಬರೀ ತರಕಾರಿ ಪಲ್ಯಕ್ಕೂ ಅಲ್ಲಿ ಮೀನಿನ ಸಾಸ್ ಬೀಳುತ್ತದೆ. ಸಸ್ಯಾಹಾರ ಬೇಕು ಅನ್ನಲು 'ಆನ್ ಚಾಯ್' ಎಂದು ಹೇಳಿದರೆ ಸಾಕು, ಅರ್ಥವಾಗುತ್ತದೆ. ಬೌದ್ಧ ಮನೆಗಳಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಎಷ್ಟೋ ಜನ ಹಾಗೇ ಉಣ್ಣುತ್ತಾರೆ. ಕರೆಯುವ ರೀತಿಯೂ ನಮ್ಮ ಹಾಗೇ, ನೆಂಟಸ್ತಿಕೆಯ ಮಾತಿನಲ್ಲಿ. 'ಚೀ ಓಯ್' ಅಂದರೆ 'ಅಕ್ಕಾ'. ಹಾಗೆ ಕರೆದ ಕೂಡಲೇ ಮಾರುವವರ ಮುಖ ಅರಳುತ್ತಿತ್ತು. ದುಡ್ಡು ಕೊಡುವಾಗ ಹುಷಾರು: 20,000 ಮತ್ತು 5,00,000 ಡಾಂಗ್, ಎರಡೂ ನೋಟು ನೀಲಿ. ನಾವು ದೊಡ್ಡದನ್ನು ಬೇರೆ ಪರ್ಸಿನಲ್ಲಿ ಇಟ್ಟೆವು.

ಲಾಂಗ್ ಕೋ ದಾಟಿದ ಮೇಲೆ ಹಾಯ್ ವಾನ್ ಘಾಟಿ. ಸುಮಾರು 21 ಕಿಲೋಮೀಟರ್, ನೆತ್ತಿ 500 ಮೀಟರ್ ಹತ್ತಿರ. 2005ರಲ್ಲಿ ಸುರಂಗ ಆದ ಮೇಲೆ ಲಾರಿಗಳೆಲ್ಲ ಹೆಚ್ಚಾಗಿ ಅದರಲ್ಲೇ ಹೋಗುತ್ತವೆ. ಸುರಂಗದಲ್ಲಿ ಸೈಕಲ್ ತುಳಿಯುವಂತಿಲ್ಲ, ಹಳೇ ರಸ್ತೆ ನಮ್ಮ ಪಾಲಿಗೆ. ಏರು ಕಷ್ಟವಾಗಲಿಲ್ಲ, ಇಳಿಜಾರೇ ಕಷ್ಟ. ಬಾಡಿಗೆ ಸೈಕಲ್‌ನ ಬ್ರೇಕ್ ಪ್ಯಾಡ್ ಸವೆದಿದ್ದನ್ನು ಹೊರಡುವಾಗ ನಾನು ನೋಡಿರಲಿಲ್ಲ. ಅರ್ಧ ದಾರಿ ಇಳಿದು ನಡೆದೆ. ಈಗ ಎಲ್ಲೇ ಸೈಕಲ್ ಬಾಡಿಗೆಗೆ ತೆಗೆದುಕೊಂಡರೂ ಮೊದಲು ಪ್ಯಾಡ್ ನೋಡುತ್ತೇನೆ. ಒಂದು ಜೊತೆ ಬ್ಯಾಗಿನಲ್ಲೂ ಇರುತ್ತದೆ.

ಕೊನೆಯ ಬೆಳಗ್ಗೆ ಹೊಯ್ ಆನ್‌ನಿಂದ ಥೂ ಬೋನ್ ನದಿಯ ಸೇತುವೆ ದಾಟಿ ಆಚೆ ದಡದ ಜುಯ್ ಹಾಯ್ ಮೀನು ಮಾರ್ಕೆಟ್‌ಗೆ ಹೋದೆವು. ಇನ್ನೂ ಬೆಳಕು ಹರಿದಿರಲಿಲ್ಲ. ರಾತ್ರಿಯೆಲ್ಲ ಮೀನು ಹಿಡಿದ ದೋಣಿಗಳು ಬರುತ್ತಿದ್ದವು. ದಡದಲ್ಲಿ ಬಿದಿರಿನ ಗುಂಡು ದೋಣಿಗಳು, ಥೇಟ್ ಹಂಪಿಯ ಹರಿಗೋಲು. ತಂಗಿ ಫೋನಿನಲ್ಲಿದ್ದ ತುಂಗಭದ್ರೆಯ ಫೋಟೋ ತೆಗೆದು ಒಬ್ಬ ಮುದುಕರಿಗೆ ತೋರಿಸಿದಳು. ಅವರು ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ಆಮೇಲೆ ಪಕ್ಕದವರನ್ನೂ ಕೂಗಿ ಕರೆದರು.