ಕಳ್ಳ ಸಿಗಲಿಲ್ಲ, ಪರಿಹಾರ ಸಿಕ್ಕಿತು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನಾನು ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲೆ. ಹಲ್ಲೆಯಲ್ಲಿ ಗಾಯಗೊಂಡು ಬರುವವರು ಸಾಮಾನ್ಯವಾಗಿ ಹೇಳುವುದು ಇದೇ: "ಹೊಡೆದೋನೇ ಸಿಕ್ಕಿಲ್ಲ ಮೇಡಂ, ಯಾರ ಹತ್ರ ದುಡ್ಡು ಕೇಳೋದು?" ಸರ್ಕಾರದ ಹತ್ತಿರ ಕೇಳಬಹುದು. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಶಿಡ್ಲಘಟ್ಟದ ಒಬ್ಬ ಅಕ್ಕನ ಕೇಸು ಹೇಳುತ್ತೇನೆ. ಫಿಲೇಚರ್‌ನಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಬೆಳಗಿನ ಜಾವ ಕೆಲಸಕ್ಕೆ ಹೋಗುವಾಗ ಸರ ಕೀಳಲು ಬಂದವನು ಮಚ್ಚು ಬೀಸಿದ, ಅಡ್ಡ ಹಿಡಿದ ಬಲಗೈ ನರ ಕಟ್ಟಾಯಿತು. ಪೊಲೀಸರು ಹುಡುಕಿದರು, ಸಿಗಲಿಲ್ಲ, 'ಸಿ' ರಿಪೋರ್ಟ್ ಹಾಕಿದರು. ಮನೆಯವರು ಅಲ್ಲಿಗೆ ಕೇಸು ಮುಗಿಯಿತು ಅಂದುಕೊಂಡಿದ್ದರು. ಆದರೆ 'ಬಿ' ರಿಪೋರ್ಟ್ ಬೇರೆ, 'ಸಿ' ಬೇರೆ. ದೂರಿನಲ್ಲಿ ಹುರುಳಿಲ್ಲ ಅನ್ನುವುದು 'ಬಿ'. ಅಪರಾಧ ನಡೆದಿದೆ, ಮಾಡಿದವನು ಪತ್ತೆಯಾಗಿಲ್ಲ ಅನ್ನುವುದು 'ಸಿ'. ನಮಗೆ ಬೇಕಿದ್ದದ್ದೂ ಅದೇ ಅಲ್ವಾ? ಕ್ರಿಮಿನಲ್ ಕೇಸು ನಡೆಸುವ ಕಾನೂನಾದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 396ನೇ ಕಲಂ (ಹಳೆಯ ಸಿಆರ್‌ಪಿಸಿಯ 357ಎ) ಪ್ರಕಾರ ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ನೊಂದವರು ನೇರವಾಗಿ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಆ 'ಸಿ' ರಿಪೋರ್ಟನ್ನೇ ಅರ್ಜಿಗೆ ಮೊದಲ ದಾಖಲೆಯಾಗಿ ಲಗತ್ತಿಸಿದೆ.

ನಿಜವಾದ ತಲೆನೋವು ಗಾಯದ ಕಾಗದದ್ದು. ವೂಂಡ್ ಸರ್ಟಿಫಿಕೇಟ್‌ನಲ್ಲಿ ಇದ್ದದ್ದು ಬಲಗೈಗೆ ಕೊಯ್ದ ಗಾಯ, ಇಷ್ಟು ಉದ್ದ, ಇಷ್ಟು ಆಳ, ಅಷ್ಟೇ. ಅಕ್ಕನಿಗೆ ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ತಾಗುತ್ತಲೇ ಇರಲಿಲ್ಲ. ಬಿಸಿನೀರಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹಿಡಿದು ಮೇಲೆತ್ತುವುದು ಆ ಎರಡು ಬೆರಳೇ. ನನ್ನ ಮೇಜಿನ ಮೇಲಿದ್ದ ಗುಂಡುಪಿನ್ ಎತ್ತಿ ಅಂದೆ, ಎಡಗೈ ಮುಂದೆ ಬಂತು. ಅರ್ಜಿಯಲ್ಲಿ ಇದನ್ನೇ ಬರೆದೆ, ಜೊತೆಗೆ ಮೆಡಿಕಲ್ ಬೋರ್ಡ್‌ನಿಂದ ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಿದೆ. ಇದಕ್ಕೆ ಓಡಾಟ ಜಾಸ್ತಿ, ಆದರೂ ಬಿಡಬಾರದು. ಯಾಕಂದರೆ ಮಹಿಳೆಯರಿಗಾಗಿ ಇರುವ 2018ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪರಿಹಾರ ಯೋಜನೆಯಲ್ಲಿ ಶಾಶ್ವತ ವೈಕಲ್ಯ ಶೇ 20ಕ್ಕಿಂತ ಕಡಿಮೆ ಇದ್ದರೆ 1ರಿಂದ 2 ಲಕ್ಷ, ಶೇ 20ರಿಂದ 40 ಇದ್ದರೆ 3 ಲಕ್ಷದವರೆಗೆ. ಸರ್ಟಿಫಿಕೇಟ್‌ನ ಒಂದು ಅಂಕಿಯ ಮೇಲೆ ಲಕ್ಷ ರೂಪಾಯಿ ನಿಂತಿರುತ್ತದೆ.

ಕೂಲಿ ಎಷ್ಟು ಹೋಯಿತು ಅಂತ ತೋರಿಸುವುದು ಇನ್ನೊಂದು ಕಷ್ಟ. ಮಾಲೀಕರು ಮನುಷ್ಯ ಒಳ್ಳೆಯವರೇ, ಆಸ್ಪತ್ರೆಗೆ ದುಡ್ಡೂ ಕೊಟ್ಟಿದ್ದರು, ಆದರೆ ಬರೆದುಕೊಡಿ ಅಂದಾಗ "ನಾಳೆ ಲೇಬರ್ ಆಫೀಸಿನವರು ಬಂದ್ರೆ?" ಅಂತ ಹಿಂದೆ ಸರಿದರು. ಸರಿ, ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್ ತರಿಸಿದೆ. ತಪ್ಪದೆ ಕಟ್ಟುತ್ತಿದ್ದ ಉಳಿತಾಯ, ಹಲ್ಲೆ ಆದ ತಿಂಗಳಿಂದ ಖಾಲಿ. ಜೊತೆಯಲ್ಲಿ ಕೆಲಸ ಮಾಡುವ ಹೆಂಗಸರ ಅಫಿಡವಿಟ್ ಸೇರಿಸಿದೆ. ಪೇ ಸ್ಲಿಪ್ ಇಲ್ಲದವರಿಗೆ ಇಂಥವೇ ಗತಿ.

ಅರ್ಜಿಯ ಮೇಲೆ ಪ್ರಾಧಿಕಾರ ಮಾಡುವ ವಿಚಾರಣೆ ಎರಡು ತಿಂಗಳಲ್ಲಿ ಮುಗಿಯಬೇಕು ಅಂತ ಕಾನೂನಿದೆ. ಆದರೆ ಠಾಣೆಯಿಂದ ವರದಿ ಬರದೆ ಕಡತ ಕದಲುವುದಿಲ್ಲ, ಆದ್ದರಿಂದ ಸುಮ್ನೆ ಕಾಯದೆ ವಾರವಾರ ಕೇಳುತ್ತಿರಬೇಕು. ನಮಗೂ ತಡವೇ ಆಯಿತು. ಹಣ ನೇರ ಅಕ್ಕನ ಖಾತೆಗೇ ಬಂತು. "ಸ್ಯಾಂಕ್ಷನ್ ಮಾಡಿಸ್ತೀನಿ, ಪರ್ಸೆಂಟೇಜ್ ಕೊಡಿ" ಅಂತ ಕೋರ್ಟ್ ಮುಂದೆ ಯಾರಾದರೂ ಬಂದರೆ ಕಳಿಸಿಬಿಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ವಕೀಲರು ಉಚಿತ. ಎಲ್ಲಿ ಹೋಗಬೇಕು ಅಂತ ತಿಳಿಯದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಆರೋಪಿ ಸಿಕ್ಕಿ, ಕೇಸು ನಡೆದು, ಕೊನೆಗೆ ಖುಲಾಸೆಯಾದರೂ ದಾರಿ ಮುಚ್ಚುವುದಿಲ್ಲ. ನೊಂದವರಿಗೆ ಪುನರ್ವಸತಿ ಬೇಕು ಅನಿಸಿದರೆ ನ್ಯಾಯಾಧೀಶರು ಪರಿಹಾರಕ್ಕೆ ಶಿಫಾರಸು ಮಾಡಬಹುದು. ತೀರ್ಪಿನ ದಿನದವರೆಗೆ ಕಾಯಬೇಡಿ, ವಾದ ನಡೆಯುವಾಗಲೇ ಪಬ್ಲಿಕ್ ಪ್ರಾಸಿಕ್ಯೂಟರ್ ಹತ್ತಿರ ಹೇಳಿ ಕೇಳಿಸಿ.