ಹೆಡ್ ಇಳಿಸದೆಯೇ ಮ್ಯಾನಿಫೋಲ್ಡ್ ಥ್ರೆಡ್ ಕೂರಿಸಿದೆ

ಎಂಜಿನ್‌ನ ಹೆಡ್‌ಗೆ (ಮೇಲ್ಭಾಗಕ್ಕೆ) ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಹೊಗೆ ಕೊಳವೆ, ಹಿಡಿಸುವ ಒಂದು ಸ್ಟಡ್‌ನ (ತಲೆಯಿಲ್ಲದ ಬೋಲ್ಟ್) ಥ್ರೆಡ್ ಹೆಡ್‌ನಲ್ಲಿ ಕಿತ್ತುಹೋಗಿತ್ತು. ಆ ತೂತಿಗೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಆಗುವ ತಂತಿ ಸುರುಳಿ, ನಾನೇ ಕೂರಿಸಿ ಹದಿನೆಂಟು ತಿಂಗಳಾಯಿತು, ಗಾಡಿ ಹೆಚ್ಚುಕಮ್ಮಿ 22,000 ಕಿ.ಮೀ. ಓಡಿದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದರೂ ಹೊಗೆ ಸೋರುವ ಆ ಟಿಕ್ ಟಿಕ್ ಸದ್ದು ಇಲ್ಲ. "ಎಕ್ಸಾಸ್ಟ್ ಬಿಸಿಗೆ ಹೆಲಿಕಾಯಿಲ್ ನಿಲ್ಲಲ್ಲ, ಸ್ಟಡ್ ಜೊತೆಗೇ ಕಿತ್ತು ಬರುತ್ತೆ, ಹೆಡ್ ಇಳಿಸಲೇಬೇಕು" ಅಂತ ಮೂವರು ಮೆಕ್ಯಾನಿಕ್‌ಗಳು ಖಡಾಖಂಡಿತವಾಗಿ ಹೇಳಿದ್ದರು. ಅವರು ಕೇಳಿದ ದುಡ್ಡಿಗೆ ಗಾಡಿಯ ಕಾಲು ಭಾಗವೇ ಬರುತ್ತಿತ್ತು. ನನಗೆ ಡ್ರಿಲ್, ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ), ಹಾಳು ಮಾಡಿದ ಗ್ಯಾಸ್ಕೆಟ್ ಎಲ್ಲ ಸೇರಿ ಅದರ ಹತ್ತನೇ ಒಂದು ಭಾಗವೂ ಖರ್ಚಾಗಲಿಲ್ಲ.

ಅಲ್ಯೂಮಿನಿಯಂ ಹೆಡ್, ಬೀಡು ಕಬ್ಬಿಣದ ಮ್ಯಾನಿಫೋಲ್ಡ್, ಎಂ8 (8 ಮಿ.ಮೀ. ದಪ್ಪದ) ಸ್ಟಡ್, 1.25 ಮಿ.ಮೀ. ಪಿಚ್ (ಥ್ರೆಡ್‌ಗಳ ನಡುವಿನ ಅಂತರ). ಕೈಕೊಟ್ಟಿದ್ದು ಕೊನೆಯ ಕೆಳಗಿನ ಸ್ಟಡ್. ಬಿಚ್ಚಿದಾಗ ಅದರ ಮರೆಗಳ (ಥ್ರೆಡ್) ಮೇಲೆ ಹೆಡ್‌ನ ಅಲ್ಯೂಮಿನಿಯಂ ಸ್ಪ್ರಿಂಗ್ ಥರ ಸುತ್ತಿಕೊಂಡೇ ಹೊರಗೆ ಬಂತು.

ಮೊದಲು ಲೋಹದ ಎಪಾಕ್ಸಿ ತುಂಬಿ ಟ್ಯಾಪ್ ಹೊಡೆದೆ. ಎರಡೇ ದಿನ, ಸುಣ್ಣದ ಹಾಗೆ ಉದುರಿತು. ಆಮೇಲೆ ಐದು ಮಿ.ಮೀ. ಹೆಚ್ಚು ಉದ್ದದ ಬೋಲ್ಟ್ ಹಾಕಿ ತಳದಲ್ಲಿ ಉಳಿದಿದ್ದ ಮರೆ ಹಿಡಿಸಿದೆ. ಮೂರು ವಾರ ನಿಂತಿತು, ಹೋಗುವಾಗ ಆ ಮರೆಗಳನ್ನೂ ಕಿತ್ತುಕೊಂಡೇ ಹೋಯಿತು. ಎರಡು ಗ್ಯಾಸ್ಕೆಟ್ ದಂಡ.

ಆಗ ಗುಜರಿಯಿಂದ ಒಂದು ಹಳೇ ಹೆಡ್ ತಂದು ಅಭ್ಯಾಸ ಮಾಡಿದೆ. ಕೈ ಅಂದಾಜಿನಲ್ಲಿ ನಾಲ್ಕು ತೂತು ಕೊರೆದರೆ ಮೂರು ಓರೆ. ಹೆಲಿಕಾಯಿಲ್ ಗಟ್ಟಿಯಾಗಿಯೇ ಕೂತಿತ್ತು, ಆದರೆ ಸ್ಟಡ್ ವಾಲಿದ್ದರಿಂದ ಮ್ಯಾನಿಫೋಲ್ಡ್ ಒಳಗೆ ಹೋಗಲೇ ಇಲ್ಲ. ಜನ ಬಿಸಿಯನ್ನು ಬೈಯುತ್ತಾರೆ, ತಪ್ಪಿರುವುದು ಡ್ರಿಲ್ ಹಿಡಿದ ಕೈಯಲ್ಲಿ. ಅದೇ ಹೆಡ್ ಮೇಲೆ ಟಾರ್ಕ್ ವ್ರೆಂಚ್ ಹಚ್ಚಿಯೂ ನೋಡಿದೆ. ಹಳೇ ಮರೆ 35 ನ್ಯೂಟನ್ ಮೀಟರ್ ಆಸುಪಾಸಿನಲ್ಲಿ ಕಿತ್ತು ಬಂತು. ಹೆಲಿಕಾಯಿಲ್ ಹಾಕಿದ್ದರಲ್ಲಿ 40 ದಾಟಿದ ಮೇಲೆ ಬೋಲ್ಟೇ ಮುರಿಯಿತು, ಕಾಯಿಲ್ ಕದಲಲಿಲ್ಲ. ಬ್ಲೋ ಲ್ಯಾಂಪ್‌ನಲ್ಲಿ ಹತ್ತು ಸಲ ಕಾಯಿಸಿ ಆರಿಸಿದ ಮೇಲೂ ಅಷ್ಟೇ. ಥ್ರೆಡ್ ಲಾಕರ್ (ಮರೆಗೆ ಹಚ್ಚುವ ಅಂಟು) ಹಾಕಿದ್ದಕ್ಕೂ ಹಾಕದ್ದಕ್ಕೂ ಏನೇನೂ ವ್ಯತ್ಯಾಸ ಕಾಣಲಿಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ.

ಗಾಡಿಯಲ್ಲಿ ನೇರ ಕೊರೆಯಲು ಮ್ಯಾನಿಫೋಲ್ಡನ್ನೇ ಜಿಗ್ (ಡ್ರಿಲ್‌ಗೆ ದಾರಿ ತೋರುವ ಚೌಕಟ್ಟು) ಮಾಡಿಕೊಂಡೆ. ಒಳ್ಳೆಯ ಸ್ಟಡ್‌ಗಳಿಗೆ ಅದನ್ನು ಬಿಗಿದು, ಹೋದ ತೂತಿನ ಜಾಗಕ್ಕೆ ಲೇತ್‌ನಲ್ಲಿ ಮಾಡಿಸಿದ ಉಕ್ಕಿನ ಬುಷ್ (ಗಿಡ್ಡ ಕೊಳವೆ) ಕೂರಿಸಿ, ಅದರೊಳಗಿಂದ 8.3 ಮಿ.ಮೀ. ಡ್ರಿಲ್ ಬಿಟ್ಟೆ. ಬುಷ್ ಕೂದಲೆಳೆಯಷ್ಟೂ ಅಲ್ಲಾಡದಂತೆ ಹಿಡಿಸುವ ಉಪಾಯ ಒಂದಿದೆ. ಅದಕ್ಕೆ ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ, ಅದು ನನ್ನಲ್ಲೇ ಇರಲಿ. ಡ್ರಿಲ್‌ಗೆ ಆಳದ ಗುರುತಿನ ಟೇಪ್ ಸುತ್ತಿ, ಆಮೇಲೆ ಸೀಮೆಎಣ್ಣೆ ಬಿಡುತ್ತಾ, ಟ್ಯಾಪ್‌ನ ಉದ್ದ ತೋಡುಗಳಿಗೆ ಗ್ರೀಸ್ ತುಂಬಿ, ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ ತಿರುಗಿಸುತ್ತಾ ಮರೆ ಕೊರೆದೆ. 12 ಮಿ.ಮೀ. ಉದ್ದದ ಕಾಯಿಲ್ ಅನ್ನು ಮೇಲ್ಮೈಯಿಂದ ಅರ್ಧ ಸುತ್ತು ಕೆಳಗೆ ನಿಲ್ಲಿಸಿ, ಅದನ್ನು ತಿರುಗಿಸಲು ಇರುವ ಬಾಲ ಮುರಿದು ತೆಗೆದೆ.

ಇಷ್ಟಕ್ಕೇ ಕಟ್ಟಿದ್ದರೆ ಮತ್ತೆ ಹೋಗುತ್ತಿತ್ತು. ಮ್ಯಾನಿಫೋಲ್ಡ್ ಮೇಲೆ ನೇರಪಟ್ಟಿ ಇಟ್ಟರೆ ಎರಡೂ ತುದಿಯಲ್ಲಿ 0.4 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಸಲೀಸಾಗಿ ನುಗ್ಗುತ್ತಿತ್ತು! ಅಷ್ಟು ಬಾಗಿದ ಕಬ್ಬಿಣವನ್ನು ಕೊನೆಯ ಸ್ಟಡ್ ಒಂದೇ ಎಳೆದು ಹಿಡಿದಿತ್ತು, ಮರೆ ಉಳಿಯುವುದು ಹೇಗೆ? ಮ್ಯಾನಿಫೋಲ್ಡ್‌ನ ಫೇಸ್ (ಹೆಡ್‌ಗೆ ಕೂರುವ ಮುಖ) ಗ್ರೈಂಡ್ ಮಾಡಿಸಿದೆ. ಇಡೀ ಕೆಲಸದಲ್ಲಿ ಹೆಚ್ಚು ದುಡ್ಡು ತಿಂದದ್ದು ಅದೇ, ಸಾರ್ಥಕವಾದದ್ದೂ ಅದೇ.

ಹೊಸ ಸ್ಟಡ್ ಕೈಯಲ್ಲೇ ತಿರುಗಿಸಿ ಕೂರಿಸಿ, ತಾಮ್ರದ ನಟ್ ಹಾಕಿ, ನಡುವಿನಿಂದ ತುದಿಗೆ ಮೂರು ಸುತ್ತಿನಲ್ಲಿ 20 ನ್ಯೂಟನ್ ಮೀಟರ್‌ಗೆ ಬಿಗಿದೆ. ಸುಮಾರು 300 ಕಿ.ಮೀ. ಆದ ಮೇಲೆ ಪೂರ್ತಿ ಆರಿದ ಎಂಜಿನ್‌ನಲ್ಲಿ ನೋಡಿದರೆ ತುದಿಯ ಎರಡು ನಟ್ ಚೂರು ತಿರುಗಿದವು, ಆಮೇಲೆ ಇಲ್ಲ.

ಹೋದ ತಿಂಗಳು ರಿಪೇರಿ ಮಾಡಿದ ಸ್ಟಡ್‌ನ ನಟ್ ಬಿಚ್ಚಿದೆ. ಸ್ಟಡ್ ಮಿಸುಕಲಿಲ್ಲ, ಮತ್ತೆ ಬಿಗಿದಾಗ 20ಕ್ಕೆ ಗಟ್ಟಿಯಾಗಿ ನಿಂತಿತು. ಆ ಮೂವರು ಮೆಕ್ಯಾನಿಕ್‌ಗಳಲ್ಲಿ ಒಬ್ಬರು ಈಗ ಬುಷ್ ಎರವಲು ಕೇಳಿದ್ದಾರೆ.